ಹದಿನೆಂಟು ಸೇರು ಇಂಗ್ಲಿಷ್

"ಹತ್ತೇ ದಿನ! ಹತ್ತು ದಿನದಲ್ಲಿ ನಿನ್ನ ಇಂಗ್ಲಿಷನ್ನು ತುಂಡು ತುಂಡಾಗಿ ಬಿಡಿಸಿ, ಒಂದೊಂದು ತುಂಡನ್ನೂ ತೂಗಿ, ಮತ್ತೆ ಜೋಡಿಸಿ ನಿನ್ನ ಕೈಗೆ ಕೊಡದೇ ಇದ್ದರೆ ನಾನು ಬಿ.ಎಸ್ಸಿ. ಓದಿದವನೇ ಅಲ್ಲ!"

2006ರ ಮೇ ತಿಂಗಳ ಕೊನೆಯ ಸೋಮವಾರ, ಆಂಧ್ರದ ಗಡಿಯಲ್ಲಿರುವ ಹಿಂದೂಪುರದ ನಮ್ಮ ಬಾಡಿಗೆ ಮನೆಯ ಅಡುಗೆಕೋಣೆಯ ಬಾಗಿಲಲ್ಲಿ ನಿಂತು ನಾನು ಮಾಡಿದ ಘೋರ ಪ್ರತಿಜ್ಞೆ ಇದು. ಇಂಥ ಪ್ರತಿಜ್ಞೆ ಮಾಡುವಾಗ ಹಿಂದಿನವರ ಕೈಯಲ್ಲಿ ಗದೆಯೋ ಬಿಲ್ಲೋ ಇರುತ್ತಿತ್ತು. ನನ್ನ ಕೈಯಲ್ಲಿ ಹಾಲಿನ ಪ್ಯಾಕೆಟ್ಟಿತ್ತು.

"ಓದಿದ್ದೇನೋ ಸರಿ. ಅದು ಕೆಡೋಕೆ ಮುಂಚೆ ಇತ್ಲಾಗೆ ಕೊಡಿ, ಕಾಯಿಸ್ತೀನಿ" ಎಂದಳು ನನ್ನ ಹೆಂಡತಿ ತನುಜಾ.

ಅವಳು ಹಗುರವಾಗಿ ಮಾತಾಡಿದರೂ ವಿಷಯ ಹಗುರವಾಗಿರಲಿಲ್ಲ. ಅವಳು ಕನ್ನಡ ಮೀಡಿಯಂನಲ್ಲಿ ಓದಿ, ಟೀಚರ್ ಟ್ರೈನಿಂಗ್ ಮುಗಿಸಿದವಳು. ಮದುವೆಯಾಗಿ ಮೂರು ವರ್ಷ. ಮೂರು ವರ್ಷದಿಂದಲೂ ಅವಳ ಕಬ್ಬಿಣದ ಪೆಟ್ಟಿಗೆಯಲ್ಲಿ ಒಂದು ಹೊಸ ಕೆಂಪು ಪೆನ್ನು, ಮುಚ್ಚಳವನ್ನೇ ತೆಗೆಯದೆ, ಮಕ್ಕಳ ನೋಟ್‌ಬುಕ್ಕಿಗಾಗಿ ಕಾಯುತ್ತಿತ್ತು. ಎರಡು ಶಾಲೆಯವರು ಬೇಡ ಅಂದಿದ್ದರು. ಮೂರನೆಯದು ನಮ್ಮ ಪಕ್ಕದ ಬೀದಿಯ ಇಂಗ್ಲಿಷ್ ಮೀಡಿಯಂ ಶಾಲೆ. ಅಲ್ಲಿನ ಹೆಡ್‌ಮಿಸ್ ಸುಷ್ಮಾ ಮೇಡಂ, ಬೇಸಿಗೆ ಶಿಬಿರದ ಮಕ್ಕಳಿಗೆ ಅವಳು ಮಾಡಿದ ಡೆಮೊ ಪಾಠ ನೋಡಿ ಹೇಳಿದ್ದು ಹೀಗೆ:

"ಪಾಠಂ ಬಾಗುಂದಮ್ಮಾ, ಚೆನ್ನಾಗಿದೆ. ಮಕ್ಕಳು ಅಲ್ಲಾಡಲಿಲ್ಲ. ಆದರೆ ಇಂಗ್ಲಿಷ್ ಓದುವಾಗ ಎಲ್ಲ ಅಕ್ಷರಕ್ಕೂ ಒಂದೇ ತೂಕ ಹಾಕ್ತೀರಿ. ಗೂಡ್ಸ್ ಗಾಡಿ ಹೋದ ಹಾಗೆ! ಮಕ್ಕಳೂ ಹಾಗೇ ಕಲೀತಾರೆ. ಹತ್ತು ದಿನ ಬಿಟ್ಟು ಇನ್ನೊಂದು ಸಲ ಬನ್ನಿ. ಅದೇ ಲಾಸ್ಟು. ಆಮೇಲೆ ಸ್ಕೂಲ್ ಶುರುವಾಗುತ್ತೆ, ಬೇರೆಯವರನ್ನು ತಗೊಂಡುಬಿಡ್ತೀನಿ."

ಹಾಗಾಗಿ ಹತ್ತು ದಿನ. ಹಾಗಾಗಿ ನನ್ನ ಪ್ರತಿಜ್ಞೆ.

ನಾನು ಯಾರೆಂದು ಹೇಳಿಬಿಡುತ್ತೇನೆ. ಹೆಸರು ತಿರುಮಲೇಶ್. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರಗಳಲ್ಲಿ ಪದವಿ. ಹಿಂದೂಪುರದ ಒಂದು ಸಣ್ಣ ಲ್ಯಾಬಿನಲ್ಲಿ ರಕ್ತ, ಮೂತ್ರಗಳ ಪರೀಕ್ಷೆ ಮಾಡುವವನು. ಊರಿನ ಅರ್ಧ ಜನರ ಮುಖ ನನಗೆ ನೆನಪಿರುವುದಿಲ್ಲ; ಅವರ ಸಕ್ಕರೆ ಪ್ರಮಾಣ ನೆನಪಿರುತ್ತದೆ. ಮನೆಯಲ್ಲಿ ಉಪ್ಪಿನ ಡಬ್ಬಿಗೂ ಚೀಟಿ ಅಂಟಿಸಿ ತಾರೀಖು ಬರೆಯುವುದು ನನ್ನ ಪದ್ಧತಿ. ಹೀಗಿರುವಾಗ ಇಂಗ್ಲಿಷ್ ಯಾವ ಲೆಕ್ಕ? ಪದವೆಂದರೆ ಒಂದು ಸ್ಯಾಂಪಲ್! ಅದರಲ್ಲಿ ಎಷ್ಟು ಸಿಲಬಲ್, ಅಂದರೆ ಬಾಯಿ ಎಷ್ಟು ಸಲ ತೆರೆಯುತ್ತದೆ ಎಂದು ಎಣಿಸಬೇಕು. ಯಾವ ಸಿಲಬಲ್ಲಿನ ಮೇಲೆ ಒತ್ತು ಬೀಳುತ್ತದೆ ಎಂದು ಗುರುತಿಸಬೇಕು. ಕೊನೆಗೆ ಅದರೊಳಗೆ ಅರ್ಥವಿರುವ ತುಂಡುಗಳು ಯಾವುವು ಎಂದು ಬಿಡಿಸಬೇಕು. ಎಣಿಕೆ, ಗುರುತು, ವಿಭಜನೆ. ಇದನ್ನೇ ಅಲ್ಲವೇ ನಾನು ದಿನಾ ಲ್ಯಾಬಿನಲ್ಲಿ ಮಾಡುವುದು?

ಇನ್ನೂರು ಪುಟದ ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ 'ಉದ್ದೇಶ, ಉಪಕರಣ, ವಿಧಾನ, ಫಲಿತಾಂಶ' ಎಂದು ಬರೆದೆ. ಡಿಕ್ಷನರಿ ನೋಡಿ ಇನ್ನೂರ ನಲವತ್ತು ಪದಗಳನ್ನು ಪಟ್ಟಿ ಮಾಡಿ, ಒತ್ತು ಬೀಳುವ ಜಾಗಕ್ಕೆಲ್ಲ ಪೆನ್ಸಿಲಿನಲ್ಲಿ ಗೀಟು ಹಾಕಿದೆ. 'ಫಲಿತಾಂಶ'ದ ಕೆಳಗೆ ಮುಂಚಿತವಾಗಿಯೇ 'ಅತ್ಯುತ್ತಮ' ಎಂದು ಬರೆದಿಟ್ಟೆ.

ಮೊದಲ ಪ್ರಯೋಗ ಗದ್ದದ್ದು. ಗದ್ದದ ಕೆಳಗೆ ಅಂಗೈ ಇಟ್ಟುಕೊಂಡು ಪದ ಹೇಳಬೇಕು. ಗದ್ದ ಎಷ್ಟು ಸಲ ಕೈಗೆ ತಾಗುತ್ತದೋ ಅಷ್ಟು ಸಿಲಬಲ್.

"ಎಲಿಫೆಂಟ್" ಎಂದೆ, ಗದ್ದಕ್ಕೆ ಕೈ ಕೊಟ್ಟು. "ಮೂರು! ಒತ್ತು ಮೊದಲನೆಯದಕ್ಕೆ. ಈಗ ನೀನು."

"ಎ. ಲಿ. ಫೆಂಟ್."

"ಮೂರಕ್ಕೂ ಒಂದೇ ತೂಕ ಹಾಕಿದೆಯಲ್ಲ!"

"ನೀವು ಹೇಳಿದ್ದೂ ಹಂಗೇ ಇತ್ತಲ್ಲ!"

"ನಾನು ಸಿದ್ಧಾಂತ ಹೇಳುವವನು. ಪ್ರಯೋಗ ನಿನ್ನದು."

ಎರಡು ದಿನ ನಾವಿಬ್ಬರೂ ಕಿಟಕಿಯ ಹತ್ತಿರ ಎದುರುಬದುರು ಕೂತು, ಗದ್ದಕ್ಕೆ ಕೈ ಕೊಟ್ಟು, ಬಾಯಿ ತೆರೆದು ಮುಚ್ಚಿ ಮಾಡಿದೆವು. ಎರಡನೆಯ ದಿನ ಎದುರು ಮನೆಯ ವೀರಭದ್ರಮ್ಮನವರು ಬಟ್ಟಲಿನಲ್ಲಿ ಲವಂಗ ಹಿಡಿದು ಬಂದರು.

"ಪಾಪ, ನಿನ್ನೆಯಿಂದ ನೋಡ್ತಾ ಇದೀನಿ. ಗಂಡ ಹೆಂಡ್ತಿ ಇಬ್ರಿಗೂ ಒಟ್ಟಿಗೇ ಹಲ್ಲು ನೋವಾ? ಇಷ್ಟು ಹೊಂದಾಣಿಕೆ ನಾನೆಲ್ಲೂ ಕಾಣೆ ಕಣಮ್ಮ!"

ತನುಜಾ ಲವಂಗ ತೆಗೆದುಕೊಂಡು ಒಳಗೆ ಹೋದಳು. ಗದ್ದದ ಪ್ರಯೋಗ ಅಲ್ಲಿಗೆ ನಿಂತಿತು.

ಅದೇ ಸಂಜೆ ಕಲ್ಯಾಣದುರ್ಗದಿಂದ ಫೋನು. ಅವಳ ತವರಿನಲ್ಲಿ ಬಿತ್ತನೆಗೆ ಕಡಲೆಕಾಯಿ ಬಿಡಿಸುವ ಕೆಲಸ ಶುರುವಾಗಿತ್ತು. ಮಳೆ ಬೀಳುವುದರೊಳಗೆ ಚೀಲಗಟ್ಟಲೆ ಕಾಯನ್ನು ಕೈಯಲ್ಲೇ ಬಿಡಿಸಿ, ಗಟ್ಟಿ ಕಾಳನ್ನು ಆರಿಸಿ ಇಡಬೇಕು. ಪ್ರತಿ ವರ್ಷ ತನುಜಾ ಹೋಗಲೇಬೇಕು. ಕಾಳು ಆರಿಸುವುದಕ್ಕೆ ಅವಳ ಕಣ್ಣೇ ಆಗಬೇಕು ಎಂದು ಅವಳ ಅಪ್ಪನ ನಂಬಿಕೆ.

"ಡೆಮೊ ಇದೆ ಅಂತ ಹೇಳಿಬಿಡು" ಎಂದೆ.

"ಹೇಳಿದೆ. ಒಂದೇ ದಿನ ಬಂದು ಆರಿಸಿಕೊಟ್ಟು ಹೋಗು ಅಂದ್ರು. ಹೋಗ್ಬತ್ತೀನಿ ಬಿಡಿ."

"ಹಾಗಾದರೆ ನಾನೂ ಬರುತ್ತೇನೆ. ವಿಜ್ಞಾನಕ್ಕೆ ರಜೆ ಇಲ್ಲ!"

ವಿಜ್ಞಾನಕ್ಕೆ ಇಲ್ಲದ ರಜೆಯನ್ನು ನಾನು ಲ್ಯಾಬಿನಲ್ಲಿ ನಾಲ್ಕು ದಿನಕ್ಕೆ ಬರೆದುಕೊಟ್ಟೆ. ಪೆನುಕೊಂಡದಲ್ಲಿ ಬಸ್ಸು ಬದಲಿಸಿ, ಕಿಟಕಿ ಪಕ್ಕದ ಸೀಟು ಹಿಡಿದು, "ಕಂಡಕ್ಟರ್ ಅನ್ನುವ ಪದವನ್ನೇ ನೋಡು, ಎಷ್ಟು ಭಾಗ?" ಎಂದು ಕೇಳಿದೆ. ತನುಜಾ ನಿದ್ದೆ ಮಾಡುತ್ತಿದ್ದಳು. ಕಂಡಕ್ಟರ್ ತಿರುಗಿ, "ಭಾಗ ಏನಿಲ್ಲ ಸಾರ್, ಇಬ್ಬರಿಗೂ ಫುಲ್ ಟಿಕೆಟ್ಟೇ" ಎಂದ.

ಮುಂದಿನದನ್ನು ಹೇಳುವ ಮೊದಲು ಮಾವನ ಮನೆಯ ಒಂದು ನಿಯಮ ನಿಮಗೆ ತಿಳಿದಿರಬೇಕು. ಅಲ್ಲಿ ಅಳಿಯನಿಗೆ ಯಾರೂ ಎದುರು ಹೇಳುವುದಿಲ್ಲ. ಅಳಿಯ ಮಂಚದ ಮೇಲೆ ತಲೆಕೆಳಗಾಗಿ ಮಲಗಿದರೂ, "ಹಂಗೆ ಮಲಗಿದ್ರೆ ಗಾಳಿ ಚೆನ್ನಾಗಿ ಬತ್ತೈತೆ" ಎನ್ನುತ್ತಾರೆ ನಮ್ಮ ಮಾವ ಆದಿನಾರಾಯಣಪ್ಪನವರು. ಅತ್ತೆ ರಾಮಾಂಜಿನಮ್ಮ ನನ್ನ ಜೊತೆ ನೇರವಾಗಿ ಮಾತಾಡುವುದೇ ಇಲ್ಲ. ಬಾಗಿಲ ಹಿಂದೆ ನಿಂತು, ನಡುವೆ ಯಾರಾದರೊಬ್ಬರನ್ನು ಇಟ್ಟುಕೊಂಡು, "ಅಳಿಯಂದ್ರು ಕಾಫಿ ಕುಡೀತಾರಾ ಕೇಳೇ" ಎಂದು ಕೇಳಿಸುತ್ತಾರೆ. ಮೂರು ವರ್ಷದಿಂದ ಈ ಮರ್ಯಾದೆ ಉಂಡು ನಾನು ಸಾಕಷ್ಟು ದಪ್ಪಗಾಗಿದ್ದೆ.

ಕಲ್ಯಾಣದುರ್ಗ ಮುಟ್ಟಿದ ಮರುದಿನ ಬೆಳಿಗ್ಗೆ ತನುಜಾ ಹೆಚ್ಚಿಗೆ ಮೊರ, ಜರಡಿ ತರಲೆಂದು ಬ್ರಹ್ಮಸಮುದ್ರದ ಚಿಕ್ಕಮ್ಮನ ಮನೆಗೆ ಬಸ್ಸು ಹತ್ತಿದಳು. ನಾನು ಪಡಸಾಲೆಗೆ ಬಂದು ನೋಡುತ್ತೇನೆ: ಹತ್ತು ಹನ್ನೆರಡು ಹೆಂಗಸರು ಸುತ್ತ ಕೂತು ಕಾಯಿ ಬಿಡಿಸುತ್ತಿದ್ದಾರೆ. ನಡುವೆ ಟಾರ್ಪಾಲಿನ ಮೇಲೆ ಎರಡು ದಿನದಿಂದ ಬಿಡಿಸಿದ ಕಾಳಿನ ಗುಡ್ಡೆ. ನಾನು ಒಂದು ಕಾಯಿ ಕೈಗೆ ತೆಗೆದುಕೊಂಡೆ. ಒಡೆದೆ. ಒಳಗೆ ಎರಡು ಕಾಳು!

ಆಹಾ! ಮೈ ಜುಮ್ಮೆಂದಿತು. ಇದು ಕಾಯಿಯಲ್ಲ, ಪದ! ಒಂದು ಕಾಳಿದ್ದರೆ ಒಂದು ಸಿಲಬಲ್: ಡಾಗ್. ಎರಡಿದ್ದರೆ ಪೆನ್ಸಿಲ್. ಮೂರಿದ್ದರೆ ಎಲಿಫೆಂಟ್! ಯಾವ ಕಾಳು ದಪ್ಪವೋ ಒತ್ತು ಅದಕ್ಕೆ! ಪ್ರಕೃತಿಯೇ ಪಠ್ಯಪುಸ್ತಕ ಬರೆದು, ಸಿಪ್ಪೆಯ ರಟ್ಟು ಹಾಕಿ, ನನ್ನ ಮಾವನ ಪಡಸಾಲೆಗೆ ಸುರಿದಿತ್ತು. ಡೆಮೊ ದಿನ ನಲವತ್ತು ಮಕ್ಕಳ ಮುಂದೆ ತನುಜಾ ಇದನ್ನು ಹಿಡಿದು ನಿಂತರೆ ಸುಷ್ಮಾ ಮೇಡಂ ಎದ್ದು ನಿಂತು ಚಪ್ಪಾಳೆ ತಟ್ಟಬೇಕು!

ತಕ್ಷಣ ಪಡಸಾಲೆಯ ಮಂಚದ ಮೇಲೆ ವಿಂಗಡಣೆಗೆ ಕೂತೆ. ಒಂದರದ್ದು ಇತ್ತ, ಎರಡರದ್ದು ಅತ್ತ.

ಹೆಂಗಸರಲ್ಲಿ ಹಿರಿಯಳು ಉಡುಸಲಮ್ಮ. ಮೂವತ್ತು ವರ್ಷದಿಂದ ಆ ಮನೆಯ ಕಾಯಿ ಬಿಡಿಸುತ್ತಿರುವವಳು. ಬೆರಳು ನಿಲ್ಲಿಸದೆ, ಅಳಿಯನಿಗೆ ತೆಲುಗಿನ ಮರ್ಯಾದೆ ಕೊಟ್ಟು ಕೇಳಿದಳು.

"ಅಲ್ಲುಡುಗಾರೂ, ಏನದು? ಕಾಯಿಗೆಲ್ಲ ಹೆಸರಿಕ್ತಾ ಇದೀರಾ?"

"ಹೌದಮ್ಮಾ. ಇದು ಪೆನ್ಸಿಲ್. ಇದು ಮ್ಯಾಂಗೋ. ಇದು ಟೇಬಲ್."

"ಓಹೋ. ಮತ್ತೆ ಇದ್ರಾಗೆ ಕಡ್ಲೆಕಾಯಿ ಯಾವುದು?"

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ನಾನು ಗಮನಿಸಲಿಲ್ಲ. ನನ್ನ ಚಿಂತೆ ಬೇರೆ: ನಾಲ್ಕು ಸಿಲಬಲ್ಲಿನ ಪದಕ್ಕೆ ನಾಲ್ಕು ಕಾಳಿನ ಕಾಯಿ ಬೇಕು! ಒಂದು ಚೀಲ ಸುರಿದು ಹುಡುಕಿದೆ. ಸಿಗಲಿಲ್ಲ. ಎರಡನೆಯ ಚೀಲ ಸುರಿದೆ. ಮೂರನೆಯದನ್ನೂ ಸುರಿದೆ.

"ಯಾತಕ್ಕೆ ಸ್ವಾಮಿ ನಾಕು ಕಾಳು?"

"ಕ್ಯಾಟರ್‌ಪಿಲ್ಲರ್ ಅನ್ನೋ ಪದಕ್ಕೆ. ಕಂಬಳಿಹುಳ."

"ಕಂಬ್ಳಿಹುಳಕ್ಕಾ? ದೇವುಡಾ! ಹೊಲದಾಗೆ ಅದನ್ನ ಸಾಯಿಸಾಕೆ ನಾವು ಔಸ್ದಿ ಹೊಡೀತೀವಿ, ಇವರು ಅದಕ್ಕೆ ಕಾಯಿ ಹುಡುಕ್ತಾವ್ರೆ ಕಣೇ!"

ಅಷ್ಟರಲ್ಲಿ ಮಾವನವರು ಬಂದರು. ಮೂರು ಚೀಲ ನೆಲಕ್ಕೆ ಬಿದ್ದಿದ್ದು ನೋಡಿದರು. ಟವೆಲ್ಲನ್ನು ಒಂದು ಹೆಗಲಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡರು.

"ಅಳಿಯಂದ್ರೆ, ಪೇಪರ್ ಬಂದೈತೆ. ಒಳಗೆ ಕೂತು ನೋಡ್ತೀರಾ?"

"ಆಮೇಲೆ ನೋಡ್ತೀನಿ ಮಾವ."

ಸ್ವಲ್ಪ ಹೊತ್ತಿಗೆ ಮತ್ತೆ ಬಂದರು. "ಮಾಳಿಗೆ ಮ್ಯಾಲೆ ಗಾಳಿ ಬಲು ಚೆಂದಾಗೈತೆ."

"ಇಲ್ಲೂ ಚೆನ್ನಾಗಿದೆ ಮಾವ."

ಬಾಗಿಲ ಹಿಂದಿನಿಂದ ಅತ್ತೆಯ ದನಿ: "ಉಡುಸಲಮ್ಮಾ, ಅಳಿಯಂದ್ರು ವಸಿ ಹೊತ್ತು ಮಲಗ್ತಾರೇನೋ ಕೇಳೇ. ಹಾಸಿಗೆ ಹಾಸಿಕ್ಕೀನಿ." ಬೆಳಿಗ್ಗೆ ಹತ್ತು ಗಂಟೆಗೆ!

ಎಂಥ ಅತಿಥಿ ಸತ್ಕಾರ ಎಂದು ನನ್ನ ಮನಸ್ಸು ತುಂಬಿ ಬಂತು. ಎಲ್ಲವನ್ನೂ ವಿನಯದಿಂದ ನಿರಾಕರಿಸಿ ಮುಂದಿನ ಹಂತಕ್ಕೆ ಹೋದೆ. ಅದು ಅರ್ಥವಿರುವ ತುಂಡುಗಳ ಹಂತ. 'ಅನ್‌ಹ್ಯಾಪಿನೆಸ್' ಎಂಬ ಪದ ತೆಗೆದುಕೊಳ್ಳಿ. ನಡುವೆ ಹ್ಯಾಪಿ, ಹಿಂದೊಂದು ಮುಂದೊಂದು ತುಂಡು. ಒಂದು ಕಾಳನ್ನು ಎರಡು ಹೋಳು ಮಾಡಿ ನೋಡಿದರೆ? ಎರಡು ಬೇಳೆ, ನಡುವೆ ಪುಟ್ಟ ಮೊಳಕೆ! ಅನ್ ಒಂದು ಬೇಳೆ, ನೆಸ್ ಒಂದು ಬೇಳೆ, ಮೊಳಕೆಯೇ ಹ್ಯಾಪಿ! ಡಿಗ್ರಿಯಲ್ಲಿ ಬೀಜದ ಚಿತ್ರ ಬರೆದು ಹತ್ತಕ್ಕೆ ಎಂಟು ಅಂಕ ಪಡೆದ ಕೈ ಇದು. ಒಂದು ಮೊರದ ತುಂಬ ಕಾಳು ತೆಗೆದುಕೊಂಡು ಉಗುರಿನಿಂದ ಒಂದೊಂದೇ ಹೋಳು ಮಾಡತೊಡಗಿದೆ. ಉಡುಸಲಮ್ಮನ ಬೆರಳು ಮೊದಲ ಸಲ ನಿಂತಿತು. ಅವಳು ಬಾಗಿಲ ಕಡೆ ನೋಡಿದಳು. ಬಾಗಿಲ ಹಿಂದೆ ಬಳೆ ಸದ್ದಾಯಿತು.

ಮಾವನವರು ಮೂರನೆಯ ಸಲ ಬಂದರು. ಈ ಸಲ ಚಪ್ಪಲಿ ಹಾಕಿಕೊಂಡೇ ಬಂದಿದ್ದರು.

"ಅಳಿಯಂದ್ರೆ, ಬಸ್‌ಸ್ಟ್ಯಾಂಡ್ ತಾವ ದೋಸೆ ಬಲು ಚೆಂದಾಗಿ ಹಾಕ್ತಾವ್ನೆ. ಏಳಿ, ಹೋಗ್ಬರಾನ."

ನನಗೂ ಚಾರ್ಟ್ ಶೀಟು, ಗೋಂದು ಬೇಕಾಗಿತ್ತು. ಎದ್ದೆ. ಹೊರಡುವಾಗ ಉಡುಸಲಮ್ಮನಿಗೆ ಹೇಳಿದೆ: "ಅಮ್ಮಾ, ನಾನು ಬರುವಷ್ಟರಲ್ಲಿ ಇದನ್ನೆಲ್ಲ ಎರಡೆರಡು ಹೋಳು ಮಾಡಿಟ್ಟಿರಿ."

ಜೀವನಪೂರ್ತಿ ಮಿಲಿಲೀಟರಿನಲ್ಲಿ ಮಾತಾಡಿದವನು ನಾನು. ಆ ಒಂದು ಸಲ ಕೈ ಬೀಸಿ 'ಇದನ್ನೆಲ್ಲ' ಎಂದೆ. ನನ್ನ ಮನಸ್ಸಿನಲ್ಲಿ ಇದ್ದದ್ದು ಮೊರ. ಕೈ ಬೀಸಿದ ದಿಕ್ಕಿನಲ್ಲಿ ಇದ್ದದ್ದು ಗುಡ್ಡೆ.

ನನ್ನನ್ನು ಕಾಳಿನಿಂದ ದೂರ ಒಯ್ದ ನೆಮ್ಮದಿಯಲ್ಲಿ ಮಾವನವರು ಎರಡು ದೋಸೆ ಕೊಡಿಸಿ, ಮೇಲೆ ಒಂದು ವಡೆ ಕೊಡಿಸಿ, ಪರಿಚಯದವರ ಅಂಗಡಿಗಳನ್ನೆಲ್ಲ ಸುತ್ತಿಸಿ, "ನಮ್ಮ ಅಳಿಯಂದ್ರು, ಹಿಂದೂಪುರದಾಗೆ ಲ್ಯಾಬು" ಎಂದು ತೋರಿಸಿ ಎರಡು ಗಂಟೆ ಮಾಡಿದರು. ಚಾರ್ಟ್ ಶೀಟಿನ ಸುರುಳಿ ಹಿಡಿದು ನಾನು ವಾಪಸು ಬಂದಾಗ ಟಾರ್ಪಾಲು ತುಂಬ ಹಳದಿ ಬಿಳುಪಾಗಿ ಹೊಳೆಯುತ್ತಿತ್ತು.

"ಎಲ್ಲಾ ಮುಗಿಸ್ಬುಟ್ವಿ ಅಲ್ಲುಡುಗಾರೂ!" ಎಂದಳು ಉಡುಸಲಮ್ಮ. "ಒಂದೊಂದೇ ಉಗುರಾಗೆ ಸೀಳ್ತಾ ಕೂತ್ರೆ ಶ್ರಾವಣ ಬತ್ತೈತೆ ಅಂತ ರುಬ್ಬೋ ಗುಂಡು ತಂದು ಉರುಳಿಸ್ಬುಟ್ವಿ. ಹದಿನೆಂಟು ಸೇರು! ಅಮ್ಮೋರ್ನ ಕೇಳ್ದೆ. 'ಅಳಿಯಂದ್ರು ಹೇಳವ್ರೆ, ಮಾಡು' ಅಂದ್ರು."

"ಭೇಷ್!" ಎಂದುಬಿಟ್ಟೆ ನಾನು.

ಮಾವನವರು ಬಹಳ ಹೊತ್ತು ಟಾರ್ಪಾಲನ್ನು ನೋಡಿದರು. ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಚೆಂದಾಗಿ ಹೋಳಾಗೈತೆ" ಎಂದರು.

ಆಗಲೇ ತನುಜಾ ಬಂದದ್ದು. ತಲೆಯ ಮೇಲೆ ಐದು ಮೊರ, ಕಂಕುಳಲ್ಲಿ ಜರಡಿ.

"ಏನ್ರೀ ಇದು?"

"ಅನ್‌ಹ್ಯಾಪಿನೆಸ್!" ಎಂದೆ, ಎದೆಯುಬ್ಬಿಸಿ.

"ಅದು ಎಲ್ಲರ ಮುಖದ ಮೇಲೂ ಕಾಣ್ತಾ ಐತೆ. ಇದೇನು ಅಂತ ಕೇಳ್ದೆ."

"ನಿನ್ನ ಡೆಮೊಗೆ ಮಾದರಿ. ಇದು ಬೇಳೆ, ಇದು ಬೇಳೆ, ನಡುವೆ ಮೊಳಕೆ..."

"ಇದು ಬಿತ್ತನೆ ಬೀಜ ಕಣ್ರೀ! ಹೋಳಾದ ಬೀಜ ಮೊಳೀತೈತಾ? ಬಾಟನಿ ಓದಿದೋರಲ್ವಾ ನೀವು?"

ಎಂಟು ಅಂಕ ಪಡೆದ ಆ ಚಿತ್ರ ನನ್ನ ಕಣ್ಣ ಮುಂದೆ ಬಂತು. ಅದರ ಕೆಳಗೆ ನಾನೇ ಅಂದವಾಗಿ ಬರೆದಿದ್ದೆ: 'ಮೊಳಕೆಗೆ ಪೆಟ್ಟಾದರೆ ಬೀಜ ಬೆಳೆಯದು.'

"ಅಪ್ಪಾ, ನೀನಾದ್ರೂ ಒಂದು ಮಾತು ಹೇಳಬಾರದಿತ್ತಾ?"

"ಅಳಿಯಂದ್ರಿಗೆ ಹೆಂಗಮ್ಮ ಹೇಳೋದು?" ಎಂದರು ಮಾವ ಸಣ್ಣ ದನಿಯಲ್ಲಿ. "ಓದಿದೋರು. ಏನಾರ ಹೊಸ ಪದ್ಧತಿ ಇರಬೋದು ಅಂದ್ಕೊಂಡೆ. ದೋಸೆ ಕೊಡಿಸಿದೆ ಕಣಮ್ಮ."

ಬಾಗಿಲ ಹಿಂದಿನಿಂದ ಬಂತು: "ಉಡುಸಲಮ್ಮಾ, ಅಳಿಯಂದ್ರು ಊಟ ಮಾಡ್ತಾರಾ ಕೇಳೇ."

ಬೈದಿದ್ದರೆ ಎಷ್ಟೋ ಹಿತವಾಗಿರುತ್ತಿತ್ತು!

ತನುಜಾಳೂ ಬೈಯಲಿಲ್ಲ. ಮೊರ ಇಳಿಸಿ, ಸೆರಗು ಸಿಕ್ಕಿಸಿ, ನಾನು ಸುರಿದಿದ್ದ ಮೂರು ಚೀಲದ ಮುಂದೆ ಕೂತಳು. ಆ ಕಾಯಿ ಬೇರೆ ಇದ್ದದ್ದು ಪುಣ್ಯ; ಆದರೆ ಅದೂ ಪೂರ್ತಿ ಬಿಡಿಸಿ ಆರಿಸಬೇಕು. ಮೂರು ದಿನ ಕಳೆದರೆ ಹೆಂಗಸರು ಇನ್ನೊಬ್ಬರ ಮನೆಗೆ ಹೋಗುತ್ತಾರೆ.

"ಡೆಮೊಗೆ ಆರು ದಿನ ಇತ್ತು" ಎಂದಳು, ನನ್ನ ಕಡೆ ನೋಡದೆ. "ಮೂರು ಇದಕ್ಕೇ ಹೋಯ್ತು. ಹೋಗ್ಲಿ ಬಿಡಿ. ಆ ಪೆನ್ನಿನ ಇಂಕು ಇನ್ನೂ ಒಣಗಿಲ್ದೇ ಇರುತ್ತೆ ಅಂತ ಏನು ಗ್ಯಾರಂಟಿ."

ಈ ಮಾತು ನನ್ನ ಎದೆಗೆ ನಾಟಿತು. ಚಾರ್ಟ್ ಶೀಟನ್ನು ಮಂಚದ ಮೇಲಿಟ್ಟೆ. ಪ್ಯಾಂಟು ಮಡಚಿ ಹೆಂಗಸರ ಸಾಲಿನ ಕೊನೆಯಲ್ಲಿ ನೆಲದ ಮೇಲೆ ಕೂತೆ. ಅಳಿಯ ನೆಲಕ್ಕೆ ಕೂತದ್ದು ನೋಡಿ ಮಾವ ಚಾಪೆ ತರಲು ಓಡಿದರು. ಬೇಡವೆಂದೆ. ಮಾಡಿದ ಅನಾಹುತವನ್ನು ಈ ಎರಡು ಹೆಬ್ಬೆರಳಿನಿಂದಲೇ ಸರಿಪಡಿಸುವುದೆಂದು ತೀರ್ಮಾನಿಸಿದೆ!

"ಕೂತ್ಕಳಿ" ಎಂದಳು ತನುಜಾ. "ಆದ್ರೆ ಒಂದು ಷರತ್ತು. ಇನ್ನು ಮೂರು ದಿನ ನೀವು ಬಾಯಿ ಬಿಡಬಾರದು."

ಒಪ್ಪಿದೆ. ಕಾಯಿ ಹಿಡಿದು ಅಮುಕಿದೆ. ಸಿಪ್ಪೆ, ಕಾಳು ಎಲ್ಲ ಒಟ್ಟಿಗೆ ಪುಡಿಯಾಯಿತು. ಇನ್ನೊಂದು ಹಿಡಿದೆ. ಅದೂ ಬೇಳೆ. ಹತ್ತಕ್ಕೆ ಏಳು ಬೇಳೆ! ಅರ್ಧ ಗಂಟೆಯಲ್ಲಿ ಹೆಬ್ಬೆರಳಿನಲ್ಲಿ ಬೊಬ್ಬೆ ಎದ್ದಿತು.

ಆಗ ಒಂದು ವಿಚಿತ್ರ ಕಂಡೆ. ಮಂಚದ ಮೇಲಿನ ಅಳಿಯನಿಗೆ ಮಾತ್ರ ಆ ನಿಯಮ. ನೆಲಕ್ಕೆ ಕೂತವನಿಗೆ ಯಾರು ಬೇಕಾದರೂ ಬುದ್ಧಿ ಹೇಳಬಹುದು!

"ಅಯ್ಯೋ, ಹಂಗಲ್ಲ ಕಣಪ್ಪ!" ಉಡುಸಲಮ್ಮ ನನ್ನ ಕೈಯಿಂದ ಕಾಯಿ ಕಿತ್ತುಕೊಂಡಳು. 'ಅಲ್ಲುಡುಗಾರು' ಹೋಗಿ 'ಕಣಪ್ಪ' ಬಂದಿತ್ತು. "ಎಲ್ಲಾ ಕಡೆ ಒಂದೇ ಸಮ ಅಮುಕಿದ್ರೆ ಬ್ಯಾಳೆನೇ ಆಗೋದು. ಒಂದು ಕಾಯಿಗೆ ಒಂದೇ ಕಡೆ ಒತ್ತು. ಅದು ಎಲ್ಲೈತೆ ಅಂತ ಬೆರಳಿಗೆ ಗೊತ್ತಾಗಬೇಕು. ಅಲ್ಲಿ ಒತ್ತು, ಮಿಕ್ಕಿದ್ದು ತಾನೇ ಬಿಚ್ಕೊಂತೈತೆ. ನೋಡು." ಟಪ್! ಕಾಯಿ ಎರಡಾಗಿ ಬಿಚ್ಚಿ, ಕಾಳು ಕೆಂಪು ಹೊಟ್ಟಿನ ಸಮೇತ ಇಡಿಯಾಗಿ ಹೊರಗೆ ಬಿತ್ತು.

ತನುಜಾಳ ಕೈ ನಿಂತಿತು. "ಇನ್ನೊಂದ್ಸಲ ಹೇಳು ಉಡುಸಲಮ್ಮಾ."

"ಏನು ಹೇಳೋದು? ಒಂದು ಕಾಯಿಗೆ ಒಂದೇ ಒತ್ತು. ಮಿಕ್ಕಿದ್ದನ್ನ ಸಡಿಲ ಬಿಡು."

ತನುಜಾ ನನ್ನ ನೋಟ್‌ಬುಕ್ಕನ್ನು ಮೊಣಕಾಲಿಗೆ ಒರಗಿಸಿ, ಪೆನ್ಸಿಲ್ ಗೀಟು ನೋಡಿ, ಒಂದು ಕಾಯಿ ಕೈಗೆ ತೆಗೆದುಕೊಂಡಳು. "ಬ..." ಎಂದಳು ಹಗುರಾಗಿ. "ನಾ!" ಟಪ್! "...ನ" ಎಂದು ಸಡಿಲ ಬಿಟ್ಟಳು.

ಬನಾನ! ಗೂಡ್ಸ್ ಗಾಡಿಯ ಬೋಗಿಗಳು ಮಾಯ! ನನ್ನ ಬಾಯಿ ತಾನಾಗಿ ತೆರೆಯಿತು. "ಇದನ್ನು ನಾನು ಮೊದಲೇ ಸಿದ್ಧಾಂತದಲ್ಲಿ..."

"ಷರತ್ತು!" ಎಂದು ತನುಜಾ ಒಂದು ಬೊಗಸೆ ಕಾಯಿ ನನ್ನ ಮಡಿಲಿಗೆ ಸುರಿದಳು.

ಮುಂದಿನ ಮೂರು ದಿನ ಆ ಪಡಸಾಲೆಯಲ್ಲಿ ನಡೆದದ್ದನ್ನು ಯಾವ ಟ್ರೈನಿಂಗ್ ಕಾಲೇಜಿನವರೂ ಕಂಡಿರಲಾರರು. ತನುಜಾ ಪದ ಹೇಳುತ್ತಾಳೆ. ಒತ್ತು ಬಿದ್ದ ಕಡೆ ಹನ್ನೆರಡು ಕಾಯಿ ಒಟ್ಟಿಗೆ ಟಪ್ ಎನ್ನುತ್ತವೆ. "ಅಂ-ಬ್ರೆ!-ಲ." ಟಪ್. "ಎ!-ಲಿ-ಫೆಂಟ್." ಟಪ್. ತಪ್ಪು ಕಡೆ ಒತ್ತಿದರೆ ಉಡುಸಲಮ್ಮ ಕಣ್ಣೆತ್ತದೆ, "ಬ್ಯಾಳೆ ಆತು ನೋಡಮ್ಮಿ, ಇನ್ನೊಂದ್ಸಲ" ಎನ್ನುತ್ತಾಳೆ. ಅವಳಿಗೆ ಎ ಬಿ ಸಿ ಬರುವುದಿಲ್ಲ. ಆದರೆ ಸಮನಾಗಿ ಅಮುಕಿದ ಪದ ಅವಳ ಕಿವಿಗೆ ತಕ್ಷಣ ಸಿಕ್ಕಿಬೀಳುತ್ತಿತ್ತು.

ಅನ್‌ಹ್ಯಾಪಿನೆಸ್ ಕೂಡ ಬಂತು. "ಇದ್ರಾಗೆ ಹಿಂದೆ ಮುಂದೆ ಇರೋದು ತೆಗೆದ್ರೂ ಒಳಗಿಂದು ಉಳೀತೈತೆ" ಎಂದು ತನುಜಾ ವಿವರಿಸಿದಳು.

"ಅಷ್ಟೇ ತಾನೆ? ಸಿಪ್ಪೆ ತೆಗೆದ್ರೂ ಕಾಳು ಕಾಳೇ" ಎಂದಳು ಉಡುಸಲಮ್ಮ. ಆಮೇಲೆ ನನ್ನ ಕಡೆ ನೋಡಿ, "ಸೀಳೋ ಅವಸ್ರ ಇರಲಿಲ್ಲ ಕಣಪ್ಪ" ಎಂದಳು.

ಮೂರನೆಯ ದಿನದ ಸಂಜೆಗೆ ಮೂರು ಚೀಲವೂ ಮುಗಿಯಿತು. ಬಿತ್ತನೆಗೆ ಕಾಳು ಸಾಕಾಯಿತು. ನನ್ನ ಪಾಲಿನ ಕೊಡುಗೆ ಎರಡೂವರೆ ಸೇರು ಮತ್ತು ಎರಡು ಬೊಬ್ಬೆ. ಕೊನೆಯ ಹತ್ತು ಕಾಯಲ್ಲಿ ಒಂದೂ ಬೇಳೆಯಾಗಲಿಲ್ಲ ಎಂಬುದನ್ನು ದಾಖಲೆಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಡೆಮೊ ದಿನ ಹಿಂದೂಪುರದ ಶಾಲೆಯ ವರಾಂಡದಲ್ಲಿ, ಕಿಟಕಿಯ ಪಕ್ಕ ಬೆಂಚಿನ ಮೇಲೆ ನಾನು ಕೂತಿದ್ದೆ. ಇಸ್ತ್ರಿ ಮಾಡಿದ ಶರಟು, ಜೇಬಿನಲ್ಲಿ ಪೆನ್ನು. ಇದೆಲ್ಲ ಯಾರ ಶ್ರಮ ಎಂದು ಮೇಡಂ ಕೇಳಿಯೇ ಕೇಳುತ್ತಾರೆ. ಉತ್ತರವನ್ನು ಇಂಗ್ಲಿಷಿನಲ್ಲೇ ಸಿದ್ಧಪಡಿಸಿಕೊಂಡಿದ್ದೆ.

ಒಳಗೆ ತನುಜಾ ನಲವತ್ತು ಮಕ್ಕಳಿಗೂ ಕಾಯಿ ಹಂಚಿದಳು. ಮೊದಲ ಪದಕ್ಕೆ ಅವಳು ತಡವರಿಸಿದ್ದು ನನಗೆ ಮಾತ್ರ ತಿಳಿಯಿತು. ನಾನು ಬೆಂಚಿನ ಅಂಚು ಹಿಡಿದುಕೊಂಡೆ. ಅವಳು ಒಂದು ಕ್ಷಣ ಕಣ್ಣು ಮುಚ್ಚಿ, ಬೆರಳ ನಡುವೆ ಕಾಯಿಯನ್ನು ತಿರುಗಿಸಿ, "ಬ-ನಾ!-ನ" ಎಂದಳು. ಟಪ್! ಹಿಂದೆಯೇ ನಲವತ್ತು ಟಪ್! ಆಮೇಲೆ ಅಂಬ್ರೆಲ, ಎಲಿಫೆಂಟ್. ಮಕ್ಕಳು ಹೇಳುತ್ತಾರೆ, ಒತ್ತುತ್ತಾರೆ, ತಿನ್ನುತ್ತಾರೆ. ಇಷ್ಟು ಪ್ರೀತಿಯಿಂದ ಇಂಗ್ಲಿಷನ್ನು ಅಗಿದು ನುಂಗಿದ ಮಕ್ಕಳನ್ನು ನಾನು ನೋಡಿಲ್ಲ. ಸುಷ್ಮಾ ಮೇಡಂ ಕೂಡ ಒಂದು ಕಾಯಿ ಒಡೆದು ಬಾಯಿಗೆ ಹಾಕಿಕೊಂಡರು.

"ಅಮ್ಮಾ, ಸೋಮವಾರದಿಂದ ಬಂದುಬಿಡಿ" ಎಂದರು. "ಆದರೆ ಒಂದು ಹೇಳಿ. ಈ ಮೆಥಡ್ಡು ಎಲ್ಲಿ ಕಲಿತಿರಿ? ಯಾರು ಟ್ರೈನಿಂಗ್ ಕೊಟ್ಟಿದ್ದು?"

ನಾನು ಎದ್ದು ನಿಂತು ಕಾಲರ್ ಸರಿಮಾಡಿಕೊಂಡೆ.

"ಕಲ್ಯಾಣದುರ್ಗದಲ್ಲಿ, ಮೇಡಂ. ಉಡುಸಲಮ್ಮ ಅಂತ. ಮೂವತ್ತು ವರ್ಷ ಸರ್ವೀಸು."

"ಓಹ್! ನಮ್ಮ ಟೀಚರ್ಸಿಗೂ ಒಂದು ದಿನ ಬಂದು ಹೇಳಿಕೊಡ್ತಾರಾ?"

"ಬಿತ್ತನೆ ಮುಗಿದ ಮೇಲೆ ಕೇಳ್ತೀನಿ ಮೇಡಂ."

ಮೇಡಂ ಕಿಟಕಿಯಲ್ಲಿ ನನ್ನನ್ನು ಕಂಡರು. "ಇವರು?"

"ನಮ್ಮನೆಯವರು. ಈ ಕಾಯೆಲ್ಲ ಎಣಿಸಿ ತಂದಿದ್ದು ಇವರೇ" ಎಂದಳು ತನುಜಾ. ನನ್ನ ಇಂಗ್ಲಿಷ್ ಉತ್ತರ ಗಂಟಲಲ್ಲೇ ಬೇಳೆಯಾಯಿತು.

ಮನೆಗೆ ಬಂದ ತಕ್ಷಣ ಅವಳು ಪೆಟ್ಟಿಗೆ ತೆಗೆದು ಕೆಂಪು ಪೆನ್ನಿನ ಮುಚ್ಚಳ ಬಿಚ್ಚಿದಳು. ಅಂಗೈ ಮೇಲೆ ಗೀಚಿ ನೋಡಿದಳು. ಇಂಕು ಬಂತು! ಮೊದಲು ತಿದ್ದಿದ್ದು ನನ್ನ ನೋಟ್‌ಬುಕ್ಕನ್ನೇ. 'ಫಲಿತಾಂಶ: ಅತ್ಯುತ್ತಮ' ಎಂಬುದಕ್ಕೆ ಅಡ್ಡಗೀಟು ಎಳೆದು, ಕೆಳಗೆ 'ಗುರುತು ಹಾಕಿದ್ದು ಚೆನ್ನಾಗಿದೆ. ಕೈ ಬೀಸುವಾಗ ಎಚ್ಚರ' ಎಂದು ಬರೆದು ಹತ್ತಕ್ಕೆ ನಾಲ್ಕು ಕೊಟ್ಟಳು. ಕೊಟ್ಟು ನಕ್ಕಳು. ಆ ನಗುವಿಗೆ ಮಿಕ್ಕ ಆರು ಅಂಕ ನಾನೇ ಹಾಕಿಕೊಂಡೆ.

ಸಂಜೆ ಮಾವನವರ ಫೋನು. ಸುದ್ದಿಯನ್ನು ಮೊದಲು ಮಗಳ ಬಾಯಿಂದಲೇ ಕೇಳಿದರು. ಆಮೇಲೆ ನನ್ನ ಕೈಗೆ ಫೋನು ಕೊಡಲು ಹೇಳಿದರು.

"ಬಲು ಸಂತೋಸ ಆತು ಅಳಿಯಂದ್ರೆ. ಎಲ್ಲಾ ನಿಮ್ಮಿಂದ. ಆ ಹದಿನೆಂಟು ಸೇರಿನಾಗೆ ಉಂಡೆ ಕಟ್ಟಿ, ಚಟ್ನಿಪುಡಿ ಮಾಡಿ ಬಸ್ಸಿಗೆ ಹಾಕಿ ಕಳಿಸೀವಿ. ಒಂದು ವರ್ಷಕ್ಕಾಗ್ತೈತೆ." ಗಂಟಲು ಸರಿಮಾಡಿಕೊಂಡರು. "ಅಂದಂಗೆ, ಮುಂದಿನ ವರ್ಷ ಬೀಜ ಬಿಡಿಸೋ ಹೊತ್ತಿಗೆ ನಿಮ್ಮ ಲ್ಯಾಬಿನಾಗೆ ಕೆಲಸ ಜಾಸ್ತಿ ಇರ್ತೈತೆ, ಅಲ್ವಾ?"

"ಇರಲ್ಲ ಮಾವ! ಬೇಸಿಗೆಯಲ್ಲಿ ಜನವೇ ಬರುವುದಿಲ್ಲ. ನಾನು ಖಂಡಿತ..."

"ಇರ್ತೈತೆ, ಅಳಿಯಂದ್ರೆ."

"ಇಲ್ಲ ಮಾವ, ನಾನು ರಜೆ..."

"ಇರ್ತೈತೆ."

ಫೋನು ಇಟ್ಟೆ. ತನುಜಾ ಕೆಂಪು ಪೆನ್ನು ತಿರುಗಿಸುತ್ತ ನನ್ನನ್ನೇ ನೋಡುತ್ತಿದ್ದಳು. ಅಪ್ಪ ಏನಂದರೆಂದು ಕೇಳಿದಳು. ಹೇಳಿದೆ.

"ಒತ್ತು ಎಲ್ಲಿ ಬಿತ್ತು, ಗೊತ್ತಾಯ್ತಾ?"

ಗೊತ್ತಾಗಿತ್ತು. ಡಿಕ್ಷನರಿ ನೋಡದೆ, ಗದ್ದಕ್ಕೆ ಕೈ ಕೊಡದೆ, ಒಂದು ಕಾಯಿಯನ್ನೂ ಒಡೆಯದೆ, ನನ್ನ ಜೀವಮಾನದಲ್ಲಿ ಮೊದಲ ಸಲ!